ಐಸಿಯು ಬಿಟ್ಟು ಉಪಕೇಂದ್ರಕ್ಕೆ ಬಂದೆ, ನಾನೀಗ ಎಂಥ ನರ್ಸ್?

ಪ್ರಶ್ನೆ: ಬಿಎಸ್‌ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಮೂರು ವರ್ಷ ಕೆಲಸ ಮಾಡಿದೆ. ಏಳು ತಿಂಗಳಿಂದ ಮೂಡಿಗೆರೆ ತಾಲ್ಲೂಕಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೇನೆ. ಬಿಪಿ, ಶುಗರ್ ನೋಡುವುದು, ಮಾತ್ರೆ ಕೊಡುವುದು, ಪೋರ್ಟಲ್‌ಗೆ ಎಂಟ್ರಿ ಹಾಕುವುದು, ಇಷ್ಟೇ ದಿನಚರಿ. ಕಲಿತದ್ದೆಲ್ಲ ಮರೆತುಹೋಗುತ್ತಿದೆ ಅನ್ನಿಸುತ್ತದೆ. ಊರಿನವರು ‘ಡಾಕ್ಟ್ರು ಯಾವಾಗ ಬರ್ತಾರೆ’ ಅಂತ ಕೇಳುತ್ತಾರೆ. ಮನೆಯಲ್ಲಿ ‘ಐಸಿಯು ಸಿಸ್ಟರ್ ಆಗಿದ್ದವಳು ಈಗ ಆಶಾ ಥರ ಮನೆ ಮನೆ ತಿರುಗ್ತಾಳೆ’ ಅನ್ನುತ್ತಾರೆ. ನಮ್ಮ ವ್ಯಾಪ್ತಿಯಲ್ಲಿ ದೂರದ ಎರಡು ಎಸ್ಟೇಟ್ ಲೈನ್‌ಗಳಿವೆ (ತೋಟದ ಕೂಲಿಯವರ ಸಾಲುಮನೆಗಳು), ಅಲ್ಲಿಗೆ ಹೋಗಲು ಇನ್ನೂ ಪುರುಸೊತ್ತೇ ಆಗಿಲ್ಲ. ನಾನು ಈಗಲೂ ನರ್ಸೇನಾ? ವಾಪಸ್ ಆಸ್ಪತ್ರೆಗೆ ಹೋಗಿಬಿಡಲಾ?

ಉತ್ತರ: ಹೌದು, ನೀವು ನರ್ಸೇ. ಅದರಲ್ಲಿ ಅನುಮಾನ ಬೇಡ. ಆದರೆ ಐಸಿಯುನಲ್ಲಿ ಗಳಿಸಿದ ಗುರುತು ಉಪಕೇಂದ್ರದಲ್ಲಿ ಚಲಾವಣೆ ಆಗುವುದಿಲ್ಲ. ಇಲ್ಲಿ ಬೇರೆಯದನ್ನೇ ಕಟ್ಟಿಕೊಳ್ಳಬೇಕು, ಅದಕ್ಕೆ ಏಳು ತಿಂಗಳು ಸಾಲದು.

ನರ್ಸ್‌ಗಳು ಕೆಲಸದಲ್ಲಿ ಹೇಗೆ ಪಳಗುತ್ತಾರೆ ಎಂಬುದನ್ನು ಅಮೆರಿಕದ ಪೆಟ್ರೀಷಿಯಾ ಬೆನ್ನರ್ 1980ರ ದಶಕದಲ್ಲಿ ಐದು ಮೆಟ್ಟಿಲಾಗಿ ವಿವರಿಸಿದರು. ನೀವೂ ಓದಿರುತ್ತೀರಿ. ಪರೀಕ್ಷೆಗೆ ಓದುವಾಗ ನಾವೆಲ್ಲ ಅದರ ಒಂದು ಮಾತನ್ನು ಹಾರಿಸಿಬಿಡುತ್ತೇವೆ. ಎಷ್ಟೇ ಪಳಗಿದ ನರ್ಸ್ ಆದರೂ ಗೊತ್ತಿಲ್ಲದ ಕ್ಷೇತ್ರಕ್ಕೆ ಬಂದರೆ ಮತ್ತೆ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತಾರೆ. ವೆಂಟಿಲೇಟರ್ ಅಲಾರಂನ ಸದ್ದಿನಲ್ಲೇ ತೊಂದರೆ ಏನು ಅಂತ ಗುರುತಿಸುತ್ತಿದ್ದ ನಿಮಗೆ, ಇವತ್ತು ಅಂಗನವಾಡಿ ಜಗುಲಿಯಲ್ಲಿ ಕೂತಾಗ ಏನು ನೋಡಬೇಕು ಅಂತಲೇ ಹೊಳೆಯುವುದಿಲ್ಲ. ಅದು ನಿಮ್ಮ ಕೊರತೆ ಅಲ್ಲ. ಕಣ್ಣು ಇನ್ನೂ ಈ ಬೆಳಕಿಗೆ ಒಗ್ಗಿಲ್ಲ, ಅಷ್ಟೇ.

ನನ್ನ ಕಣ್ಣು ಒಗ್ಗಿದ್ದು ಯಾವಾಗ ಅಂತ ಹೇಳುತ್ತೇನೆ. ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ವಾರ್ಡ್ ಕೆಲಸ ಬಿಟ್ಟು ಸಕಲೇಶಪುರದ ಕಡೆ ಒಂದು ಉಪಕೇಂದ್ರಕ್ಕೆ ಬಂದಿದ್ದೆ. ಆಗ ಕಾಫಿ ಕೊಯ್ಲಿನ ಕಾಲ. ಒಂದು ಗುರುವಾರ ಅಂಗನವಾಡಿಯಲ್ಲಿ ಲಸಿಕೆ. ಪಟ್ಟಿಯಲ್ಲಿ ಹದಿನಾಲ್ಕು ಮಕ್ಕಳು, ಹದಿನಾಲ್ಕೂ ಬಂದವು. ಖುಷಿಯಿಂದ ಲಸಿಕೆ ಪೆಟ್ಟಿಗೆ ಮುಚ್ಚುತ್ತಿದ್ದೆ. ಜೊತೆಗೆ ನಿವೃತ್ತಿ ಹತ್ತಿರ ಬಂದಿದ್ದ ಒಬ್ಬ ಎಎನ್‌ಎಂ, ಅಂದರೆ ಉಪಕೇಂದ್ರದ ಸಹಾಯಕ ನರ್ಸ್, ಇದ್ದರು. ‘ಬಾರದೇ ಇರೋರು ಯಾರು?’ ಅಂತ ಕೇಳಿದರು. ಎಲ್ಲರೂ ಬಂದಿದ್ದಾರೆ ಅಂದೆ. ‘ಪಟ್ಟೀಲಿ ಇರೋರು ಬಂದಿದಾರೆ. ಪಟ್ಟೀಲಿ ಇಲ್ಲದೋರು?’ ಅಂದರು.

ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲೇ ನನ್ನನ್ನು ಹಳ್ಳ ದಾಟಿಸಿ ಒಂದು ತೋಟದ ಲೈನ್‌ಗೆ ಕರೆದುಕೊಂಡು ಹೋದರು. ದೊಡ್ಡವರೆಲ್ಲ ಕೊಯ್ಲಿಗೆ ಹೋಗಿದ್ದರು, ಬಾಗಿಲುಗಳು ಮುಚ್ಚಿದ್ದವು. ನಾನು ಯಾರೂ ಇಲ್ಲ ಅಂದುಕೊಂಡೆ. ಅವರು ಬಾಗಿಲ ಕಡೆ ನೋಡಲೇ ಇಲ್ಲ. ಬಟ್ಟೆ ಒಣಗಿಸಿದ ತಂತಿಯ ಹತ್ತಿರ ಹೋಗಿ, ಅಂಗೈ ಅಗಲದ ಅಂಗಿಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ‘ಐದು ಮನೇಲಿ ಆರು ಚಿಕ್ಕ ಮಕ್ಕಳಿದಾವೆ, ಹುಡುಕು’ ಅಂದರು. ಲೈನ್‌ನ ಕೊನೆಯ ಕೋಣೆಯಲ್ಲಿ ಒಬ್ಬ ಅಜ್ಜಿ ಆರನ್ನೂ ಕಾಯುತ್ತಾ ಕೂತಿದ್ದರು. ಒಂದಕ್ಕೆ ಕಣ್ಣು ಕೆಂಪಾಗಿ, ಕಿವಿಯ ಹಿಂದಿನಿಂದ ಮುಖಕ್ಕೆ ದಡಾರದ ಗುಳ್ಳೆ ಇಳಿಯುತ್ತಿತ್ತು. ಅದರ ಅಕ್ಕ, ಎರಡು ವರ್ಷದ್ದು, ಮೂರು ವಾರದ ಹಿಂದೆ ತೀರಿಕೊಂಡಿತ್ತು. ಆ ಮಗು ನಮ್ಮ ಯಾವ ರಿಜಿಸ್ಟರ್‌ನಲ್ಲೂ ಹುಟ್ಟಿರಲಿಲ್ಲ, ಸತ್ತಿರಲೂ ಇಲ್ಲ. ನಮ್ಮ ವರದಿಯಲ್ಲಿ ಮಾತ್ರ ಆ ತಿಂಗಳು ನೂರಕ್ಕೆ ನೂರು.

ಅವತ್ತಿನಿಂದ ನನ್ನ ರೋಗಿ ಯಾರು ಅನ್ನುವ ಲೆಕ್ಕವೇ ಬದಲಾಯಿತು. ಆಸ್ಪತ್ರೆಯಲ್ಲಿ ಹಾಸಿಗೆಗೆ ಬಂದವರು ನಮ್ಮವರು. ಬಾರದವರ ಬಗ್ಗೆ ನಮ್ಮನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಬಾರದವರೂ ನಮ್ಮವರೇ. ಸಾರ್ವಜನಿಕ ಆರೋಗ್ಯ ನರ್ಸ್ ಅಂದರೆ ಯಾರು ಅಂತ ನನ್ನನ್ನು ಕೇಳಿದರೆ ನಾನು ಹೇಳುವುದು ಇದೊಂದೇ: ಬಾರದವರನ್ನು ಲೆಕ್ಕ ಇಡುವವಳು. ನಿಮ್ಮ ಪತ್ರದಲ್ಲಿ ಆ ಎರಡು ಲೈನ್‌ಗಳ ಮಾತು ಬಂತಲ್ಲ, ಅದನ್ನು ಓದಿದಾಗಲೇ ನನಗೆ ಸಮಾಧಾನ ಆಯಿತು. ನೋಡದ ಜಾಗ ನಿಮ್ಮನ್ನು ಕಾಡುತ್ತಿದೆ. ಗುರುತು ಶುರುವಾಗುವುದೇ ಅಲ್ಲಿಂದ.

ಇದು ನಮ್ಮ ಮಲೆನಾಡಿನಲ್ಲಿ ಹುಟ್ಟಿದ ಯೋಚನೆಯೇನೂ ಅಲ್ಲ. 1893ರಲ್ಲಿ ನ್ಯೂಯಾರ್ಕ್‌ನ ಬಡವರ ಕೇರಿಯಲ್ಲಿ ಲಿಲಿಯನ್ ವಾಲ್ಡ್ ಎಂಬ ನರ್ಸ್ ಪಾಠ ಮಾಡುತ್ತಿದ್ದಾಗ, ಒಬ್ಬ ಪುಟ್ಟ ಹುಡುಗಿ ಬಂದು ತನ್ನ ತಾಯಿಗೆ ಹುಷಾರಿಲ್ಲ ಅಂತ ಮನೆಗೆ ಕರೆದುಕೊಂಡು ಹೋದಳು. ಆ ಕೋಣೆಯನ್ನು ನೋಡಿದ ವಾಲ್ಡ್ ಆ ಕೇರಿಯಲ್ಲೇ ನೆಲೆಸಿ ಮನೆ ಮನೆಗೆ ಹೋಗುವ ನರ್ಸಿಂಗ್ ಶುರು ಮಾಡಿದರು. ‘ಪಬ್ಲಿಕ್ ಹೆಲ್ತ್ ನರ್ಸ್’ ಎಂಬ ಹೆಸರು ಬಳಕೆಗೆ ಬಂದದ್ದು ಅವರಿಂದ. ಮನೆ ಮನೆ ತಿರುಗುವುದು ಕೀಳು ಕೆಲಸ ಅನ್ನುವವರಿಗೆ ಈ ಕಥೆ ಹೇಳಿ. ನಮ್ಮ ವೃತ್ತಿಯ ಬೇರು ಇರುವುದೇ ಆ ತಿರುಗಾಟದಲ್ಲಿ.

ಇನ್ನು ನಿಮ್ಮ ಹುದ್ದೆಯ ಹೆಸರಿನ ವಿಷಯ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಅಂಟಿದ ಹೆಸರುಗಳನ್ನು ನೋಡಿ. 1918ರಲ್ಲಿ ಶುರುವಾದ ದೆಹಲಿಯ ಲೇಡಿ ರೀಡಿಂಗ್ ಹೆಲ್ತ್ ಸ್ಕೂಲ್‌ನಲ್ಲಿ ತರಬೇತಿ ಪಡೆದವರು ಹೆಲ್ತ್ ವಿಸಿಟರ್. ಆಮೇಲೆ ಎಎನ್‌ಎಂ. 1973ರ ಕರ್ತಾರ್ ಸಿಂಗ್ ಸಮಿತಿಯ ನಂತರ ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತೆ. ನಮ್ಮ ರಾಜ್ಯದಲ್ಲಿ ಕಿರಿಯ ಆರೋಗ್ಯ ಸಹಾಯಕಿ, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ನಿಮ್ಮದು ಸಮುದಾಯ ಆರೋಗ್ಯ ಅಧಿಕಾರಿ, 2018ರ ಆಯುಷ್ಮಾನ್ ಭಾರತ್ ಜೊತೆಗೆ ಎಲ್ಲ ಕಡೆ ಹಬ್ಬಿದ ಹುದ್ದೆ. ಕಟ್ಟಡದ ಬೋರ್ಡ್ ಕೂಡ ಉಪಕೇಂದ್ರ ಇದ್ದದ್ದು ಆರೋಗ್ಯ ಮತ್ತು ಕ್ಷೇಮ ಕೇಂದ್ರ ಆಯಿತು, 2023ರಿಂದ ಆಯುಷ್ಮಾನ್ ಆರೋಗ್ಯ ಮಂದಿರ. ಬೋರ್ಡ್ ಮೇಲೆ ಗುರುತು ನೇತುಹಾಕಿಕೊಂಡರೆ ಪ್ರತಿ ಸಲ ಬಣ್ಣ ಹೊಡೆದಾಗಲೂ ನಾವು ಯಾರು ಅಂತ ಹುಡುಕಬೇಕಾಗುತ್ತದೆ.

‘ಡಾಕ್ಟ್ರು ಯಾವಾಗ ಬರ್ತಾರೆ’ ಅಂತ ಕೇಳಿದಾಗ ಬೇಜಾರು ಮಾಡಿಕೊಳ್ಳಬೇಡಿ, ತಪ್ಪಿಸಿಕೊಳ್ಳಲೂ ಬೇಡಿ. ‘ಇಲ್ಲಿ ಡಾಕ್ಟ್ರು ಕೂರೋದಿಲ್ಲ. ನಾನು ನರ್ಸ್. ನಿಮ್ಮನ್ನ ಮೊದಲು ನೋಡೋದು ನಾನು. ಬೇಕಾದ್ರೆ ಫೋನ್‌ನಲ್ಲೇ ಡಾಕ್ಟ್ರ ಹತ್ರ ಮಾತಾಡಿಸ್ತೀನಿ, ಇಲ್ಲಾಂದ್ರೆ ಎಲ್ಲಿಗೆ ಹೋಗ್ಬೇಕು ಅಂತ ಹೇಳಿ ಕಳಿಸ್ತೀನಿ’ ಅಂತ ಹೇಳಿ. ದೂರದಿಂದಲೇ ವೈದ್ಯರ ಸಲಹೆ ಕೊಡಿಸುವ ಸರ್ಕಾರದ ಇ-ಸಂಜೀವನಿ ಇರುವುದೇ ಅದಕ್ಕೆ. ಸಿಸ್ಟರ್, ಅಕ್ಕ, ಮೇಡಂ, ಯಾವುದು ಬೇಕಾದರೂ ಕರೆಯಲಿ. ಆದರೆ ಯಾರಾದರೂ ಡಾಕ್ಟ್ರಮ್ಮ ಅಂದರೆ ಮೆತ್ತಗೆ ತಿದ್ದಿ. ನಿಮ್ಮಂಥ ಒಳ್ಳೆಯ ಹುಡುಗಿಯರು ಎಡವುವುದು ಇಲ್ಲೇ. ಪುಟ್ಟ ಡಾಕ್ಟರ್ ಆಗಲು ಹೋದರೆ ದಿನವಿಡೀ ಮೇಜಿನ ಹಿಂದೆ ಮಾತ್ರೆ ಎಣಿಸುತ್ತಾ ಕೂರುತ್ತೀರಿ, ನರ್ಸ್‌ನ ಕೆಲಸ ಹೊರಗೆ ಬಿದ್ದಿರುತ್ತದೆ.

ಕಲಿತದ್ದು ಮರೆತುಹೋಗುತ್ತಿದೆ ಅಂದಿರಿ. ಐಸಿಯುನಲ್ಲಿ ನೀವು ಗಂಟೆಗೊಮ್ಮೆ ಚಾರ್ಟ್ ತುಂಬುತ್ತಿದ್ದಿರಿ. ಒಂದು ನಾಡಿಬಡಿತದ ಅಂಕಿಯಿಂದ ಏನೂ ತಿಳಿಯದು, ನಾಲ್ಕು ಗಂಟೆಯ ಸಾಲು ನೋಡಿದರೆ ರೋಗಿ ಜಾರುತ್ತಿದ್ದಾನೆ ಅಂತ ಗೊತ್ತಾಗುತ್ತದೆ. ಆ ವಿದ್ಯೆ ಎಲ್ಲೂ ಹೋಗಿಲ್ಲ. ಇಲ್ಲಿ ನಿಮ್ಮ ರಿಜಿಸ್ಟರೇ ಊರಿನ ಚಾರ್ಟ್. ಗುಡ್ಡಗಾಡು ಪ್ರದೇಶದಲ್ಲಿ ಒಂದು ಉಪಕೇಂದ್ರಕ್ಕೆ 3000 ಜನ ಅಂತ ಲೆಕ್ಕ. ಅಷ್ಟೂ ಜನ ಸೇರಿ ನಿಮ್ಮ ಒಬ್ಬ ರೋಗಿ ಅಂದುಕೊಳ್ಳಿ. ಗಂಟೆಯ ಬದಲು ವಾರದ ಲೆಕ್ಕದಲ್ಲಿ ಓದಿ.

ಜ್ವರದ ವಿಷಯವನ್ನೇ ತೆಗೆದುಕೊಳ್ಳಿ. ಜ್ವರ ಅಂತ ಬಂದವರಿಗೆ ಪ್ಯಾರಾಸಿಟಮಾಲ್ ಕೊಟ್ಟು ಹೆಸರು, ವಯಸ್ಸು ಬರೆದುಕೊಳ್ಳುತ್ತೀರಿ. ಅದರ ಪಕ್ಕದಲ್ಲಿ ಇನ್ನೆರಡು ಸಂಗತಿ ಬರೆಯಿರಿ: ಹೋದ ವಾರ ಏನು ಕೆಲಸ ಮಾಡಿದರು, ಎಲ್ಲಿಗೆ ಹೋಗಿದ್ದರು. ಜನವರಿ, ಫೆಬ್ರವರಿಯಲ್ಲಿ ಒಂದೇ ಕಡೆಯ ಮೂವರಿಗೆ ಜ್ವರ, ಜೋರು ತಲೆನೋವು, ಮೈಕೈ ನೋವು ಬಂದು, ಮೂವರೂ ಕೊಟ್ಟಿಗೆಗೆ ಹಾಕಲು ಕಾಡಿನಿಂದ ತರಗೆಲೆ ತಂದವರೇ ಆಗಿದ್ದರೆ, ನಿಮಗೆ ತಕ್ಷಣ ಮಂಗನ ಕಾಯಿಲೆ ನೆನಪಾಗಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ಕಾಯಿಲೆ ನಮ್ಮ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಜನರ ಜೀವ ತೆಗೆದಿದೆ. ಅದನ್ನು ಹರಡುವ ಉಣ್ಣೆಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ. ಅದೇ ಮೂರು ಜ್ವರ ಮಳೆಗಾಲದಲ್ಲಿ ಗದ್ದೆಯ ಕೆಸರಿಗೆ ಇಳಿದವರಲ್ಲಿ ಬಂದರೆ ಇಲಿಜ್ವರದ ಯೋಚನೆ ಬರಬೇಕು. ಆಸ್ಪತ್ರೆಯಲ್ಲಿ ಕೂತ ಡಾಕ್ಟರಿಗೆ ಒಬ್ಬ ರೋಗಿ ಕಾಣುತ್ತಾನೆ. ಮೂರು ಜ್ವರ ಒಂದೇ ದಾರಿಯಲ್ಲಿವೆ ಅನ್ನುವುದು ಕಾಣುವುದು ನಿಮಗೆ ಮಾತ್ರ. ಕಂಡ ದಿನವೇ ಆರೋಗ್ಯ ನಿರೀಕ್ಷಣಾಧಿಕಾರಿಗೂ ವೈದ್ಯಾಧಿಕಾರಿಗೂ ಫೋನ್ ಮಾಡಿ, ರಕ್ತದ ಮಾದರಿ ಹೋಗುವ ಹಾಗೆ ನೋಡಿಕೊಳ್ಳಿ. ಕಾಡಿಗೆ ಹೋಗುವವರ ಕೈಕಾಲಿಗೆ ಉಣ್ಣೆ ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಸಿ, ವಾಪಸ್ ಬಂದ ಮೇಲೆ ಬಿಸಿನೀರು, ಸೋಪಿನ ಸ್ನಾನ ಮಾಡಲು ಹೇಳಿ. ಎಲ್ಲಾದರೂ ಮಂಗ ಸತ್ತು ಬಿದ್ದರೆ ಮೊದಲ ಸುದ್ದಿ ನಿಮಗೆ ಬರುವಷ್ಟು ಊರಿನ ಜೊತೆ ಬಳಕೆ ಇರಲಿ. ಇದು ಐಸಿಯುಗಿಂತ ಕಡಿಮೆ ಜಾಣತನದ ಕೆಲಸ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಇನ್ನೊಂದು ಸಣ್ಣ ಸಂಗತಿ. ಗರ್ಭಿಣಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ಕಬ್ಬಿಣಾಂಶದ ಮಾತ್ರೆ ಕೊಡಬೇಕು. ನಾನೂ ಕೊಡುತ್ತಿದ್ದೆ. ‘ನುಂಗ್ತಿದೀಯಾ?’ ಅಂದರೆ ಎಲ್ಲರೂ ‘ಹೂಂ ಅಕ್ಕ’. ಒಂದು ಲೈನ್ ಮನೆಯಲ್ಲಿ ಸಕ್ಕರೆ ಡಬ್ಬ ಅಂದುಕೊಂಡು ಮುಚ್ಚಳ ತೆಗೆದರೆ, ಎರಡು ತಿಂಗಳಲ್ಲಿ ನಾನು ಕೊಟ್ಟ ಅಷ್ಟೂ ಮಾತ್ರೆ ಪಟ್ಟಿ ಹರಿಯದೆ ಮಡಚಿ ಇಟ್ಟಿತ್ತು. ಬೈದಿದ್ದರೆ ಆ ಹುಡುಗಿ ಮುಂದಿನ ಸಲ ಡಬ್ಬ ಬಚ್ಚಿಡುತ್ತಿದ್ದಳು. ಪಕ್ಕದಲ್ಲಿ ಕೂತು ವಿಚಾರಿಸಿದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿ ಕೆಲಸಕ್ಕೆ ಹೋದರೆ ವಾಂತಿ ಬಂದ ಹಾಗೆ ಆಗುತ್ತದೆ, ಮೇಸ್ತ್ರಿ ಬೈಯುತ್ತಾರೆ. ಮಲ ಕಪ್ಪಾದದ್ದು ನೋಡಿ ಮಗುವಿಗೆ ಏನೋ ಆಯಿತು ಅಂತ ಹೆದರಿಕೆ ಬೇರೆ. ಕಪ್ಪಾಗುವುದು ಮಾತ್ರೆಯಿಂದಲೇ, ಭಯ ಬೇಡ ಅಂದೆ. ರಾತ್ರಿ ಊಟ ಆಗಿ ಸ್ವಲ್ಪ ಹೊತ್ತು ಬಿಟ್ಟು ನುಂಗು, ಅದರ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ ಬೇಡ ಅಂದೆ. ಕಾಫಿ ಸೀಮೆಯಲ್ಲಿ ಈ ಕೊನೆಯ ಮಾತನ್ನು ಬಿಡುವ ಹಾಗೇ ಇಲ್ಲ, ಯಾಕೆಂದರೆ ಕಾಫಿ, ಟೀ ಎರಡೂ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಅಂದಿನಿಂದ ‘ನುಂಗ್ತಿದೀಯಾ’ ಅಂತ ಕೇಳುವುದನ್ನೇ ಬಿಟ್ಟೆ. ‘ಎಷ್ಟು ಉಳಿದಿದೆ, ತೋರಿಸು ಪುಟ್ಟ’ ಅನ್ನುತ್ತೇನೆ. ಮಾತ್ರೆ ಕೊಡುವುದು ಯಾರು ಬೇಕಾದರೂ ಮಾಡಬಹುದು. ಅದು ಹೊಟ್ಟೆಗೆ ಹೋಗುವ ತನಕದ ದಾರಿ ನೋಡುವುದು ನಮ್ಮ ಕೆಲಸ.

ಮನೆಯವರು ‘ಆಶಾ ಥರ’ ಅಂದದ್ದು ನಿಮಗೆ ನೋವು ಮಾಡಿದೆ. ನನಗೂ ನೋವಾಯಿತು, ಆದರೆ ಆಶಾ ಕಾರ್ಯಕರ್ತೆಯರ ಪರವಾಗಿ. ಯಾವ ಸೊಸೆ ತವರಿಂದ ವಾಪಸ್ ಬಂದಳು, ಯಾರ ಮನೆಯಲ್ಲಿ ಕುಡಿತ ಜಾಸ್ತಿ, ಯಾರು ಟಿಬಿ ಮಾತ್ರೆ ಅರ್ಧಕ್ಕೆ ಬಿಟ್ಟರು, ಇದು ಅವರ ತಲೆಯಲ್ಲಿದೆ. ನಿಮ್ಮ ಪೋರ್ಟಲ್‌ನಲ್ಲಿ ಇಲ್ಲ. ನಿಮ್ಮ ಜೊತೆಗಿರುವ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಹದಿನೈದು, ಇಪ್ಪತ್ತು ವರ್ಷ ಅಲ್ಲೇ ಹೆರಿಗೆ, ಲಸಿಕೆ ನೋಡಿಕೊಂಡು ಬಂದವರಿರಬಹುದು. ನಿಮ್ಮ ಡಿಗ್ರಿ ದೊಡ್ಡದಿರಬಹುದು, ಊರು ಅವರಿಗೆ ಜಾಸ್ತಿ ಗೊತ್ತು. ಯಾರು ಮೇಲೆ ಎಂಬ ಜಗಳದಲ್ಲಿ ಎಷ್ಟೋ ಉಪಕೇಂದ್ರಗಳು ಹಾಳಾದದ್ದನ್ನು ನೋಡಿದ್ದೇನೆ. ಒಂದು ದಿನ ಅವರಿಬ್ಬರನ್ನೂ ಕೂರಿಸಿಕೊಂಡು ದೊಡ್ಡ ಹಾಳೆಯ ಮೇಲೆ ಊರಿನ ನಕ್ಷೆ ಕೈಯಲ್ಲೇ ಬರೆಯಿರಿ. ಮನೆ, ಬಾವಿ, ಲೈನ್, ಮಳೆಗಾಲದಲ್ಲಿ ಮುಳುಗುವ ಕಾಲುದಾರಿ, ಆನೆ ಓಡಾಡುವ ಕಡೆ, ಎಲ್ಲವೂ ಬರಲಿ. ಸಂಜೆ ಐದರ ಮೇಲೆ ಎಲ್ಲಿಗೆ ಹೋಗಬಾರದು ಅಂತ ಹೇಳಿಕೊಡುವವರೂ ಅವರೇ. ನಕ್ಷೆ ಬರೆಯುತ್ತಾ ಬರೆಯುತ್ತಾ ನೀವು ಅವರಲ್ಲಿ ಒಬ್ಬರಾಗುತ್ತೀರಿ.

ಪೋರ್ಟಲ್ ಬಗ್ಗೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಟಾರ್ಗೆಟ್ ಒತ್ತಡ ನನಗೆ ಗೊತ್ತು. ಗುತ್ತಿಗೆ ನೌಕರಿಯವರಿಗೆ ಅದು ಇನ್ನೂ ಹೆಚ್ಚು ಚುಚ್ಚುತ್ತದೆ. ಆದರೂ ನೋಡದ ಬಿಪಿಯನ್ನು ನೋಡಿದೆ ಅಂತ ಬರೆಯಬೇಡಿ. ಒಮ್ಮೆ ತಪಾಸಣೆಗೆ ಹೋದಾಗ ಇಡೀ ಪುಟ 120/80 ಅಂತ ಇದ್ದ ರಿಜಿಸ್ಟರ್ ನೋಡಿದ್ದೇನೆ. ನಲವತ್ತು ಜನರ ಬಿಪಿ ಯಾವ ಊರಿನಲ್ಲೂ ಹಾಗೆ ಇರುವುದಿಲ್ಲ. ಅದರಲ್ಲಿ 170 ಇದ್ದ ಒಬ್ಬರಾದರೂ ಇದ್ದಿರಬೇಕು, ನಮ್ಮ ಬರವಣಿಗೆಯೇ ಅವರನ್ನು ಮುಚ್ಚಿಹಾಕಿತು. ಹದಿನೆಂಟೇ ಜನರನ್ನು ನೋಡಿದರೆ ಹದಿನೆಂಟು ಅಂತ ಬರೆಯಿರಿ. ಮೇಲಿನವರು ಕೇಳಿದರೆ ಉಳಿದವರು ಎಲ್ಲಿ, ಯಾಕೆ ಸಿಗಲಿಲ್ಲ ಅಂತ ಹೇಳುವ ಧೈರ್ಯ ಇರಲಿ.

ಬಿಪಿ ನೋಡುವುದು ‘ಇಷ್ಟೇ’ ಅಂತ ಬರೆದಿದ್ದೀರಿ. 2025ರ ಜೂನ್, ಜುಲೈ ನೆನಪಿದೆಯಲ್ಲ? ಹಾಸನದಲ್ಲಿ ಚಿಕ್ಕ ವಯಸ್ಸಿನವರ ಹೃದಯಾಘಾತದ ಸುದ್ದಿ ದಿನಾ ಬರುತ್ತಿತ್ತು. ಹೆದರಿದ ಜನ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಅಸಹಜ ಏರಿಕೆ ಏನೂ ಇಲ್ಲ ಎಂದಿತು. ಆಗ ನನ್ನ ಪರಿಚಯದ ಹಲವರು ಇಸಿಜಿಗೆ ಅಂತ ನೂರಾರು ಕಿಲೋಮೀಟರ್ ಹೋಗಿ ಬಂದರು. ಕೇಳಿದರೆ, ಅವರಲ್ಲಿ ಎಷ್ಟೋ ಜನ ಮನೆ ಪಕ್ಕದ ಉಪಕೇಂದ್ರದಲ್ಲಿ ಒಮ್ಮೆಯೂ ಬಿಪಿ ನೋಡಿಸಿಕೊಂಡವರಲ್ಲ. ಮೂವತ್ತು ದಾಟಿದ ಪ್ರತಿಯೊಬ್ಬರ ಬಿಪಿ, ಶುಗರ್ ನೋಡುವ ಜವಾಬ್ದಾರಿ ನಿಮಗೆ ಕೊಟ್ಟಿರುವುದು ಈ ಕಾರಣಕ್ಕೆ. ಪಿಕಪ್ ಓಡಿಸುವ ಮೂವತ್ತೈದರ ಹುಡುಗ ನಿಮ್ಮ ಕೇಂದ್ರಕ್ಕೆ ತಾನಾಗಿ ಬರುವುದಿಲ್ಲ. ಸಂತೆಯ ದಿನ ಮೆಷಿನ್ ಹಿಡಿದು ನೀವೇ ಅವನಿರುವ ಕಡೆ ಹೋಗಬೇಕು. 140/90 ದಾಟಿದ್ದರೆ ಇನ್ನೊಂದು ದಿನ ಮತ್ತೆ ನೋಡಿ, ವೈದ್ಯರಿಗೆ ತೋರಿಸಿ, ಮಾತ್ರೆ ಶುರುವಾದ ಮೇಲೆ ಬಿಡದ ಹಾಗೆ ನೋಡಿಕೊಳ್ಳುವುದು. ಅವನು ಐಸಿಯು ಹಾಸಿಗೆಗೆ ಬರದೇ ಇದ್ದದ್ದಕ್ಕೆ ಯಾರೂ ನಿಮಗೆ ಥ್ಯಾಂಕ್ಸ್ ಹೇಳುವುದಿಲ್ಲ. ಆ ಹಾಸಿಗೆಯ ಪಕ್ಕ ಮೂರು ವರ್ಷ ನಿಂತ ನಿಮಗೆ, ಅಲ್ಲಿಗೆ ಬರದಿರುವುದರ ಬೆಲೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು, ಅಲ್ವಾ? ಮನೆಯವರಿಗೂ ಅದನ್ನೇ ಹೇಳಿ.

ದಿನಾ ಸಂಜೆ ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆಯುವ ಅಭ್ಯಾಸ ಇಟ್ಟುಕೊಳ್ಳಿ. ಇವತ್ತು ಏನು ಹೊಸದಾಗಿ ಕಂಡಿತು, ಯಾರು ಬರಲಿಲ್ಲ, ಎಲ್ಲಿ ನನ್ನ ಮಾತು ತಪ್ಪಿತು. ಇಲಾಖೆಗೆ ತೋರಿಸಲು ಅಲ್ಲ. ಆರು ತಿಂಗಳ ಮೇಲೆ ನೀವೇ ಓದಿದಾಗ, ಬರೆದವಳು ಬದಲಾದದ್ದು ಗೊತ್ತಾಗುತ್ತದೆ.

ವಾಪಸ್ ಹೋಗಬೇಕಾ ಅಂತ ಕೇಳಿದಿರಿ. ಹೋದರೆ ತಪ್ಪೇನಿಲ್ಲ, ಐಸಿಯುಗೂ ಒಳ್ಳೆಯ ನರ್ಸ್ ಬೇಕು. ಆದರೆ ಒಂದು ಪೂರ್ತಿ ವರ್ಷದ ಚಕ್ರ ನೋಡದೆ ತೀರ್ಮಾನ ಮಾಡಬೇಡಿ. ಕೊಯ್ಲಿಗೆ ಹೊರಗಿನವರು ಬಂದು ಊರು ತುಂಬುವುದು, ಬೇಸಿಗೆಯ ಕಾಡುಜ್ವರ, ಮಳೆಗೆ ದಾರಿ ಮುಚ್ಚುವುದು, ಮತ್ತೆ ಕೊಯ್ಲು. ಅಷ್ಟನ್ನೂ ಕಂಡ ಮೇಲೆ ನಿಮಗೆ ಊರು ಗೊತ್ತು, ಊರಿಗೆ ನೀವು ಗೊತ್ತು. ಮುಂದೆ ಓದುವ ಮನಸ್ಸಿದ್ದರೆ ಸಮುದಾಯ ಆರೋಗ್ಯ ನರ್ಸಿಂಗ್‌ನಲ್ಲೇ ಎಂಎಸ್‌ಸಿ ಇದೆ. ಆ ಅನುಭವ ಇಟ್ಟುಕೊಂಡು ಹೋದರೆ ಓದು ಬೇರೆಯೇ ಆಗಿ ಕಾಣುತ್ತದೆ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಬರುವ ಗುರುವಾರ ಲಸಿಕೆಯ ದಿನ ಎಎನ್‌ಎಂ ಅಕ್ಕನನ್ನೂ ಆಶಾ ಕಾರ್ಯಕರ್ತೆಯನ್ನೂ ಕರೆದುಕೊಂಡು ಆ ಎರಡು ಲೈನ್‌ಗಳಿಗೆ ಹೋಗಿ. ಮೇಸ್ತ್ರಿಗೆ ಹಿಂದಿನ ದಿನವೇ ಹೇಳಿಡಿ. ಈಗ ಅಸ್ಸಾಂ, ಜಾರ್ಖಂಡ್ ಕಡೆಯವರು ಜಾಸ್ತಿ. ಭಾಷೆ ಬರದಿದ್ದರೆ ಶಾಲೆಗೆ ಹೋಗುವ ಮಕ್ಕಳನ್ನು ಜೊತೆಗೆ ಇಟ್ಟುಕೊಳ್ಳಿ, ಅವು ಚೆನ್ನಾಗಿ ಕನ್ನಡ ಮಾತಾಡುತ್ತವೆ. ಲಸಿಕೆ ಪೆಟ್ಟಿಗೆಗೆ ಐಸ್ ಪ್ಯಾಕ್ ಹಾಕುವ ಮೊದಲು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ. ಒಳಗೆ ನೀರಿನ ಸದ್ದು ಬಂದ ಮೇಲೆ ಹಾಕಿ, ಇಲ್ಲದಿದ್ದರೆ ಪೆಂಟಾ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಲೈನ್‌ಗೆ ಹೋದಾಗ ಮೊದಲು ಬಟ್ಟೆ ಒಣಗಿಸಿದ ತಂತಿ ನೋಡಿ. ಎಷ್ಟು ಪುಟ್ಟ ಅಂಗಿಗಳಿದ್ದವು, ಪಟ್ಟಿಯಲ್ಲಿ ಎಷ್ಟು ಹೆಸರಿದ್ದವು ಅಂತ ನನಗೆ ಬರೆದು ತಿಳಿಸಿ. ಕಾಯುತ್ತಿರುತ್ತೇನೆ.